ಗುಣಕ್ಕೆ ಕಟ್ಟಿದ ಗುಡಿ

ಇಂಗ್ಲೆಂಡಿನ ಬಕಿಂಗ್‌ಹಮ್‌ಷೈರಿನಲ್ಲಿ, ಬಕಿಂಗ್‌ಹಮ್ ಪಟ್ಟಣಕ್ಕೆ ಸುಮಾರು ಮೂರು ಮೈಲಿ ದೂರದಲ್ಲಿ, ಸ್ಟೋ ಎಂಬ ಹೆಸರಿನ ಹಳೆಯ ಜಹಗೀರಿನ ತೋಟವೊಂದುಂಟು. ತೋಟವೆಂದ ಕೂಡಲೆ ನಮ್ಮ ಕಣ್ಮುಂದೆ ಬರುವ ಅಡಕೆ ತೆಂಗುಗಳ ಸಾಲನ್ನಾಗಲಿ ಲಾಲ್‌ಬಾಗಿನ ಹೂಮಡಿಗಳನ್ನಾಗಲಿ ಅಲ್ಲಿ ಅರಸಿಕೊಂಡು ಹೋದವನಿಗೆ ನಿರಾಶೆಯೇ ಗತಿ. 250 ಎಕರೆಗಳ ಆ ವಿಸ್ತಾರದಲ್ಲಿ ಹೂವು ಅಲ್ಪ, ಫಲವಂತೂ ಇಲ್ಲವೆಂದೇ ಹೇಳಬಹುದು. ಇರುವುದೆಲ್ಲ ಹುಲ್ಲು, ನೀರು, ಮರ, ನೆಳಲು, ಮತ್ತು ಇವುಗಳ ನಡುವೆ ಒಂದು ತಿರುವಿನಲ್ಲಿ ಕಂಡು ಮತ್ತೊಂದು ತಿರುವಿನಲ್ಲಿ ಮರೆಯಾಗುವ ಗುಡಿಗಳು. ಗುಡಿಗಳೆಂದೆ, ಅಲ್ಲಿನವರು ಅವುಗಳಿಗೆ ಕೊಟ್ಟಿರುವ ಹೆಸರೂ ಅದೇ. ಪ್ರಾಚೀನ ಸದ್ಗುಣದ ಗುಡಿ, ಸ್ನೇಹದ ಗುಡಿ, ಸ್ವಾತಂತ್ರ್ಯದ ಗುಡಿ, ಸಾಮರಸ್ಯ ಮತ್ತು ವಿಜಯಗಳ ಗುಡಿ, ಬ್ರಿಟನ್ನಿನ ಮಹನೀಯರ ಗುಡಿ: ಸೇತುವೆ, ಸ್ತಂಭ, ಕಮಾನುಗಳನ್ನೂ ಸೇರಿಸಿಕೊಂಡರೆ 40ಕ್ಕೂ ಮಿಕ್ಕ ಕಟ್ಟಡಗಳು. ಈ ಗುಡಿಗಳು ಪೂಜೆಗಾಗಿ ಕಟ್ಟಿದವಲ್ಲ. ಅಲ್ಲಿ ದೀಪ ಹಚ್ಚಬೇಕೆಂಬ ಯೋಚನೆ ಕಟ್ಟಿಸಿದವನಿಗೆ ಎಂದೂ ಇರಲಿಲ್ಲ. ಪೂಜೆಯ ಸಂಕಲ್ಪವೇ ಇಲ್ಲದೆ ಗುಡಿಯನ್ನೇಕೆ ಕಟ್ಟಬೇಕು, ದೇವರನ್ನು ಬದಿಗಿರಿಸಿ ಸದ್ಗುಣವೊಂದನ್ನೇ ಗರ್ಭಗೃಹದಲ್ಲಿ ಕೂಡಿಸುವುದು ಸಾಧ್ಯವೆ, ಸಾಧ್ಯವಾದರೆ ಅದರ ಮುಂದೆ ಕೈಮುಗಿಯುವುದು ಹೇಗೆ, ಎಂಬ ಪ್ರಶ್ನೆಗಳನ್ನು ಆ ತೋಟದಲ್ಲಿ ಅಡ್ಡಾಡಿ ಬಂದವನು ತನ್ನಷ್ಟಕ್ಕೆ ತಾನು ಕೇಳಿಕೊಳ್ಳದೆ ಇರಲಾರ.

ಕಟ್ಟಿಸಿದವನು ಸರ್ ರಿಚರ್ಡ್ ಟೆಂಪಲ್, ಮುಂದೆ ಕಾಬಮ್ ಪ್ರಭುವೆಂಬ ಪದವಿಯನ್ನು ಪಡೆದವನು. 1675ರಲ್ಲಿ ಹುಟ್ಟಿ, ಮಾರ್ಲ್‌ಬರೋ ದಳಪತಿಯ ಕೈಕೆಳಗೆ ಯುದ್ಧಗಳಲ್ಲಿ ಹೆಸರು ಗಳಿಸಿ, 1749ರಲ್ಲಿ ಕಾಲವಾದವನು. ಮನೆತನದ ಹೆಸರಿಗೇ ದೇವಾಲಯವೆಂಬ ಅರ್ಥವಿದ್ದುದರಿಂದ, ದೇವರ ಆಲಯಗಳ ರಮ್ಯತೆಯನ್ನು ಕೊಂಡಾಡುವ ಬೈಬಲಿನ ಕೀರ್ತನೆಯೊಂದರ ಮಾತನ್ನು ಆ ವಂಶದವರು ತಮ್ಮ ಲಾಂಛನಕ್ಕೆ ಅಳವಡಿಸಿಕೊಂಡಿದ್ದರು. ಭಕ್ತಿಯ ಉದ್ಗಾರವೊಂದು ಹೀಗೆ ಸದ್ದಿಲ್ಲದೆ ವಂಶಾಭಿಮಾನದ ಘೋಷಣೆಯಾಗಿ ಪರಿಣಮಿಸಿತ್ತು. ತೋಟದ ಮೊದಲ ರೇಖೆಗಳನ್ನು ಎಳೆದವನು ಚಾರ್ಲ್ಸ್ ಬ್ರಿಜ್‌ಮನ್. ಕಟ್ಟಡಗಳನ್ನು ಯೋಜಿಸಿದವರು ವ್ಯಾನ್‌ಬ್ರಾ, ಗಿಬ್ಸ್, ವಿಲಿಯಮ್ ಕೆಂಟ್ ಮೊದಲಾದವರು. 1741ರಲ್ಲಿ ಮುಖ್ಯ ತೋಟಗಾರನಾಗಿ ಬಂದು ಗುದ್ದಲಿ ಮತ್ತು ಕೈಬಂಡಿಗಳಿಂದಲೇ ಒಂದು ಕಣಿವೆಯನ್ನು ತೋಡಿಸಿದವನು, ಮುಂದೆ ದೇಶದ ಸಿರಿವಂತರ ತೋಟಗಳನ್ನೆಲ್ಲ ತಿದ್ದಿ ಹೆಸರಾದ ಲ್ಯಾನ್ಸಲಾಟ್ ಬ್ರೌನ್. ಆದರೆ ತೋಟಕ್ಕೆ ಅದರ ವಿಶಿಷ್ಟವಾದ ಅರ್ಥವನ್ನು ತಂದುಕೊಟ್ಟದ್ದು ಈ ಯಾವ ಶಿಲ್ಪಿಯೂ ಅಲ್ಲ, ಒಂದು ರಾಜಕೀಯ ವಿರಸ. 1733ರಲ್ಲಿ ಪ್ರಧಾನಿ ವಾಲ್‌ಪೋಲನು ತಂದ ಸುಂಕದ ಮಸೂದೆಯನ್ನು ವಿರೋಧಿಸಿದ ಕಾರಣದಿಂದ ಕಾಬಮನು ತನ್ನ ಸೇನಾಧಿಪತ್ಯವನ್ನು ಕಳೆದುಕೊಂಡನು. ಆಸ್ಥಾನದಲ್ಲಿ ಆಡಲಾಗದ ಮಾತನ್ನು ಅವನು ಅನಂತರ ಕಲ್ಲಿನಲ್ಲಿಯೂ ನೀರಿನಲ್ಲಿಯೂ ಆಡತೊಡಗಿದನು. ಸ್ಟೋವಿನ ಸದ್ಗುಣದ ಗುಡಿ ಈ ಕೋಪದ ಕೂಸು ಎಂಬುದನ್ನು ಮರೆಯದೆ ಮುಂದಿನ ವಿಚಾರವನ್ನು ನಾವು ನಡೆಸಬೇಕು.

ತೋಟವನ್ನು ನೋಡಲು ಜನ ಬರುವುದು ಇತ್ತೀಚಿನ ಪದ್ಧತಿಯೇನಲ್ಲ. ಬಂದವರು ಇಳಿದುಕೊಳ್ಳಲೆಂದು ಕಾಬಮನು 1717ರಲ್ಲಿಯೇ ಒಂದು ಛತ್ರವನ್ನು ಕಟ್ಟಿಸಿದ್ದನು. 1744ರಲ್ಲಿ ಬಕಿಂಗ್‌ಹಮ್ಮಿನ ಬೆಂಟನ್ ಸೀಲಿ ಎಂಬವನು ಸ್ಟೋವಿಗೆ ಒಂದು ಕೈಪಿಡಿಯನ್ನು ಅಚ್ಚುಹಾಕಿಸಿದನು. ಇಂದಿಗೂ ಯಾತ್ರಿಕನು ಆ ಛತ್ರದ ಅಂಗಳದಿಂದಲೇ ಹೊರಟು, ಇಳಿಜಾರಿನ ದಾರಿಯಲ್ಲಿ ನಡೆದು, ಕೊಳದ ದಂಡೆಗೆ ಬಂದು ನಿಲ್ಲುತ್ತಾನೆ. ಅಲ್ಲಿ ದಾರಿ ಒಡೆಯುತ್ತದೆ. ಎಡಕ್ಕೆ ಹೋದರೆ ರತಿದೇವತೆಯಾದ ವೀನಸ್ಸಿನ ಗುಡಿ, ಗುಂಡುಮಂಟಪ, ಹಿಂದೆ ಮದ್ಯದೇವತೆ ಬ್ಯಾಕಸ್ಸಿನ ಗುಡಿಯಿದ್ದ ದಿಣ್ಣೆ. ಬಲಕ್ಕೆ ಹೋದರೆ ಪುಣ್ಯಾತ್ಮರ ಪರಲೋಕವೆಂದು ಗ್ರೀಕರು ಹೇಳುತ್ತಿದ್ದ ಎಲಿಸಿಯಮ್ಮಿನ ಹೆಸರನ್ನು ಹೊತ್ತ ತಗ್ಗುಬಯಲು ಮತ್ತು ಸದ್ಗುಣದ ಗುಡಿ. ಕವಲುದಾರಿಯಲ್ಲಿ ನಿಂತ ಹರ್ಕ್ಯುಲೀಸನನ್ನು ಇಬ್ಬರು ಸ್ತ್ರೀಯರು, ಒಬ್ಬಳು ಸುಖದ ಕಡೆಗೂ ಇನ್ನೊಬ್ಬಳು ಶ್ರಮದ ಕಡೆಗೂ, ಕರೆದರೆಂದು ಕ್ಸೆನೊಫನ್ ಬರೆದಿಟ್ಟಿರುವ ಕಥೆ ಆ ಕಾಲದ ಇಂಗ್ಲಿಷ್ ವಿದ್ಯಾವಂತರಿಗೆಲ್ಲ ಬಾಯಿಪಾಠ. ತೋಟದ ದಾರಿಗಳು ಆ ಕಥೆಯನ್ನೇ ಕಾಲಿನಿಂದ ಓದಿಸುತ್ತವೆಂದು ಬಲ್ಲವರು ವಿವರಿಸುತ್ತಾರೆ. ನಮ್ಮವನಿಗೆ ಇಲ್ಲಿ ಕಠೋಪನಿಷತ್ತಿನ ನೆನಪು ಬಾರದಿರದು: ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ, ಎರಡೂ ಮನುಷ್ಯನ ಬಳಿಗೆ ಬರುತ್ತವೆ, ಆರಿಸಿಕೊಳ್ಳುವುದು ಅವನ ಧೀರತೆಗೆ ಬಿಟ್ಟದ್ದು ಎಂದು ಯಮನು ನಚಿಕೇತನಿಗೆ ತಿಳಿಸಿದನಷ್ಟೆ. ಆದರೆ ಯಮನ ಮಾತಿಗೂ ಈ ದಾರಿಗಳಿಗೂ ಒಂದು ಅಂತರವುಂಟು. ನಚಿಕೇತನು ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಲೇಬೇಕಾಗಿತ್ತು. ಸ್ಟೋವಿನ ಯಾತ್ರಿಕನು ಬೆಳಗ್ಗೆ ಸದ್ಗುಣವನ್ನು ನೋಡಿ, ಬುತ್ತಿಯನ್ನು ಬಿಚ್ಚಿ ಉಂಡು, ಮಧ್ಯಾಹ್ನ ವೀನಸ್ಸಿನ ಕಡೆಗೆ ಸಾವಕಾಶವಾಗಿ ಹೋಗಬಹುದು. 1786ರಲ್ಲಿ ಜೆಫರ್ಸನ್ನನ ಜೊತೆಯಲ್ಲಿ ಇಲ್ಲಿಗೆ ಬಂದಿದ್ದ ಜಾನ್ ಆಡಮ್ಸ್, ಮುಂದೆ ಅಮೆರಿಕದ ಅಧ್ಯಕ್ಷನಾದವನು, ಬ್ಯಾಕಸ್ಸಿಗೂ ವೀನಸ್ಸಿಗೂ ಗುಡಿ ಕಟ್ಟುವುದು ಅನಾವಶ್ಯಕ, ಅಂಥ ವಿನೋದಗಳಿಗೆ ಮನುಷ್ಯನನ್ನು ಯಾರೂ ಪ್ರೇರಿಸಬೇಕಾಗಿಲ್ಲವೆಂಬ ಅಭಿಪ್ರಾಯವನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡನು. ನಿಷ್ಠುರವಾದ ಮಾತು, ಆದರೆ ವಿವೇಕದ ಮಾತು.

ಪ್ರಾಚೀನ ಸದ್ಗುಣದ ಗುಡಿಯನ್ನು ಕೆಂಟನು ಇಟಲಿಯ ಟಿವೊಲಿಯಲ್ಲಿ ಉಳಿದಿರುವ ರೋಮನರ ದುಂಡುಗುಡಿಯೊಂದರ ಮಾದರಿಯಲ್ಲಿ ಯೋಜಿಸಿದನು. ಅದು 1737ರ ಹೊತ್ತಿಗೆ ಸಿದ್ಧವಾಗಿತ್ತು. ಸಣ್ಣ ದಿಣ್ಣೆಯ ಮೇಲೆ ವರ್ತುಲಾಕಾರದ ಕಂಬಸಾಲು, ಒಳಗೆ ಗುಮ್ಮಟದ ಕೆಳಗೆ ನಾಲ್ಕು ಗೂಡುಗಳಲ್ಲಿ ನಾಲ್ಕು ಆಳೆತ್ತರದ ಪ್ರತಿಮೆಗಳು: ಕವಿಗಳಲ್ಲಿ ಹೋಮರ್, ತತ್ತ್ವಜ್ಞರಲ್ಲಿ ಸಾಕ್ರಟೀಸ್, ಶಾಸನಕಾರರಲ್ಲಿ ಲೈಕರ್ಗಸ್, ಸೇನಾನಿಗಳಲ್ಲಿ ಎಪಾಮಿನಾಂಡಸ್. ನಾನು ಅಲ್ಲಿಗೆ ಹೋದದ್ದು ಮಿಲ್ಟನ್ ಕೀನ್ಸಿನಲ್ಲಿ ನೆಲಸಿರುವ ಸ್ನೇಹಿತರೊಬ್ಬರ ಕುಟುಂಬದ ಜೊತೆಯಲ್ಲಿ. ಹಾಸನದ ಕಡೆಯಿಂದ ಮಗನ ಮನೆಗೆ ಬಂದಿದ್ದ ಅವರ ತಾಯಿ ಮೆಟ್ಟಿಲ ಬುಡದಲ್ಲಿ ಚಪ್ಪಲಿಯನ್ನು ಬಿಟ್ಟು, ಕಂಬಸಾಲಿನ ಒಳಗಿನಿಂದ ಒಂದು ಸುತ್ತು ಬಲಬಂದು, ಒಳಹೊಕ್ಕು, “ಇಲ್ಲಿ ಯಾವ ದೇವರಪ್ಪ?” ಎಂದು ಕೇಳಿದರು. “ದೇವರಿಲ್ಲಮ್ಮ, ದೊಡ್ಡ ಮನುಷ್ಯರು,” ಎಂದರು ಮಗ. “ಹಾಗಾದರೆ ನಮಸ್ಕಾರ ಮಾಡೋದೋ ಬೇಡವೋ?” ಎಂದು ಆಕೆ ಕೇಳಿದ್ದಕ್ಕೆ ನಮ್ಮಿಬ್ಬರಲ್ಲಿ ಯಾರೂ ಉತ್ತರ ಹೇಳಲಿಲ್ಲ. ಆಕೆ ಕ್ಷಣಕಾಲ ನೋಡಿ, ಗಡ್ಡ ಬಿಟ್ಟ ಹೋಮರನಿಗೆ ಮಾತ್ರ ಕೈಮುಗಿದು ಹೊರಗೆ ಬಂದರು.

ಇದು ಬರಿಯ ಅಭ್ಯಾಸಬಲದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಗುಣವು ದ್ರವ್ಯವನ್ನು ಆಶ್ರಯಿಸಿಯೇ ಇರತಕ್ಕದ್ದು, ಆಶ್ರಯವಿಲ್ಲದೆ ಗುಣವೆಂಬುದು ತಾನೇ ತಾನಾಗಿ ಎಲ್ಲಿಯೂ ನಿಲ್ಲದು, ಎಂಬುದು ನಮ್ಮ ವೈಶೇಷಿಕರ ಸಿದ್ಧಾಂತ. ಬಿಳುಪನ್ನು ನೋಡಬೇಕಾದರೆ ಬಿಳಿಯ ವಸ್ತುವೊಂದು ಬೇಕು. ಹಾಗೆಯೇ ಧೈರ್ಯಕ್ಕೆ ಧೀರನೂ, ಕರುಣೆಗೆ ಕರುಣಾಳುವೂ ಬೇಕು. ಕಾಬಮನಿಗೂ ಇದು ತಿಳಿಯದೆ ಇರಲಿಲ್ಲ. ಅದಕ್ಕೇ ಸದ್ಗುಣದ ಗುಡಿಯೊಳಗೆ ಅಮೂರ್ತವಾದ ಸದ್ಗುಣವನ್ನು ಇರಿಸದೆ ನಾಲ್ವರು ಗುಣಿಗಳನ್ನು ಇರಿಸಿದನು. ಆದರೆ ಗುಣಿಯ ಪ್ರತಿಮೆಯನ್ನು ನಿಲ್ಲಿಸಿದ ಮಾತ್ರಕ್ಕೆ ಅದು ಆರಾಧ್ಯವಾಗಬಲ್ಲುದೆ? ನಮ್ಮ ಆಗಮಗಳ ಮತದಲ್ಲಿ ಶಿಲ್ಪಿಯು ಕೆತ್ತಿ ಮುಗಿಸಿದ ವಿಗ್ರಹ ಇನ್ನೂ ಕಲ್ಲೇ. ಪ್ರಾಣಪ್ರತಿಷ್ಠೆಯಾದ ಮೇಲೆಯೇ ಅದು ದೇವತೆ. ಪ್ರತಿಷ್ಠೆಯೆಂದರೆ ಒಂದು ದಿನದ ಮಂತ್ರಘೋಷದಿಂದ ಮುಗಿದುಹೋಗುವ ಸಂಭ್ರಮವೂ ಅಲ್ಲ. ಅಂದಿನಿಂದ ಆ ದೇವತೆಗೆ ಕಾಲಕಾಲಕ್ಕೆ ಅಭಿಷೇಕವಾಗಬೇಕು, ದೀಪ ಉರಿಯಬೇಕು, ನೈವೇದ್ಯ ನಡೆಯಬೇಕು. ಯಜಮಾನನು ಊರಿನಲ್ಲಿರಲಿ ಇಲ್ಲದಿರಲಿ, ಅವನ ಮನಸ್ಸು ಪ್ರಸನ್ನವಾಗಿರಲಿ ಕದಡಿರಲಿ, ಆ ಋಣ ತಪ್ಪದು. ಪ್ರತಿಷ್ಠಾಪಿಸಿದವನು ತನ್ನ ಪ್ರತಿಷ್ಠಾಪನೆಯಿಂದಲೇ ಬದ್ಧನಾಗುತ್ತಾನೆ. ಸ್ಟೋವಿನ ಗುಡಿಗಳಲ್ಲಿ ನನಗೆ ಕಾಣದೆ ಹೋದದ್ದು ಈ ಬದ್ಧತೆಯೇ ಹೊರತು ದೇವರ ಹೆಸರಲ್ಲ. ಹೆಸರಿನ ಮಾತಿಗೆ ಬಂದರೆ, ವಾರದ ಏಳು ದಿನಗಳಿಗೆ ಹೆಸರು ಕೊಟ್ಟ ಸ್ಯಾಕ್ಸನ್ ದೇವತೆಗಳನ್ನೂ ಕಾಬಮನು ರಿಸ್‌ಬ್ರಾಕ್ ಎಂಬ ಶಿಲ್ಪಿಯಿಂದ ಕಡೆಸಿ ತೋಟದಲ್ಲಿ ನಿಲ್ಲಿಸಿದ್ದನು. ನವಗ್ರಹಗಳನ್ನು ಸುತ್ತಿ ಎಳ್ಳುದೀಪ ಹಚ್ಚಿ ಬೆಳೆದ ನಮಗೆ, ಭಾನುವಿಗೂ ಸೋಮನಿಗೂ ಒಂದು ತೊಟ್ಟು ಎಣ್ಣೆ ಇಲ್ಲದ ಆ ಬಯಲು ತುಸು ವಿಚಿತ್ರವಾಗಿಯೇ ಕಾಣುತ್ತದೆ.

ಗುಡಿಯಲ್ಲಿ ನಿಂತಿರುವ ನಾಲ್ವರಲ್ಲಿ ಸಾಕ್ರಟೀಸನ ಸ್ಥಿತಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿತು. ಪ್ಲೇಟೋವಿನ ಫೀಡ್ರಸ್ ಎಂಬ ಸಂವಾದದಲ್ಲಿ, ಊರಾಚೆಯ ಹೊಳೆಯ ದಂಡೆಗೆ ಗೆಳೆಯನೊಬ್ಬನು ಅವನನ್ನು ಕರೆದುಕೊಂಡು ಹೋದಾಗ, ಮರದ ನೆಳಲನ್ನೂ ತಂಗಾಳಿಯನ್ನೂ ಹುಲ್ಲಿನ ಇಳಿಜಾರನ್ನೂ ಆತ ಬಾಯ್ತುಂಬ ಹೊಗಳುತ್ತಾನೆ. ಹೊಗಳಿ, ಆದರೂ ಹೊಲ ಮರಗಳು ತನಗೆ ಏನನ್ನೂ ಕಲಿಸವು, ಕಲಿಸುವವರು ನಗರದ ಮನುಷ್ಯರೇ, ಎಂಬ ಅರ್ಥದ ಮಾತನ್ನಾಡುತ್ತಾನೆ. ಸಂತೆಯಲ್ಲಿ ಎದುರಾದವನನ್ನೆಲ್ಲ ತಡೆದು ನಿಲ್ಲಿಸಿ, ಧರ್ಮವೆಂದರೇನು, ಸದ್ಗುಣವನ್ನು ಕಲಿಸಬಹುದೆ, ಎಂದು ಕೇಳಿ ಕೇಳಿ, ಕೊನೆಗೆ ಆ ಕೇಳುವಿಕೆಗಾಗಿಯೇ ವಿಷವನ್ನು ಕುಡಿದ ಮನುಷ್ಯನನ್ನು, ಕೇಳುವುದಕ್ಕೆ ಯಾರೂ ಇಲ್ಲದ ಒಂದು ದಿಣ್ಣೆಯ ಮೇಲೆ, ಪ್ರಶ್ನೆಗಳಿಗೆಲ್ಲ ಉತ್ತರ ದೊರೆತಾಗಿದೆಯೋ ಎಂಬ ಹಾಗೆ ನಿಲ್ಲಿಸುವುದೆಂದರೆ ಗೌರವದಲ್ಲಿ ಅಡಗಿದ ಒಂದು ನಿರ್ಬಂಧವೇ ಸರಿ. ನಮ್ಮ ಪೂರ್ವಿಕರು ಅರಣ್ಯದಲ್ಲಿ ಕುಳಿತು ಬ್ರಹ್ಮವಿಚಾರ ಮಾಡಿದರು, ಆದ್ದರಿಂದ ಮರದ ನೆಳಲಿಗೂ ಜ್ಞಾನಕ್ಕೂ ಸಹಜವಾದ ನಂಟಿದೆ, ಎಂದು ಯಾರಾದರೂ ವಾದಿಸಬಹುದು. ಒಪ್ಪತಕ್ಕ ಮಾತೇ, ಆದರೆ ಅರಣ್ಯಕ್ಕೂ ಉದ್ಯಾನಕ್ಕೂ ಭೇದವುಂಟು. ಅರಣ್ಯಕ್ಕೆ ಹೋದವನು ತನ್ನದೆಂಬುದನ್ನು ಬಿಟ್ಟು ಹೋಗುತ್ತಾನೆ. ಉದ್ಯಾನದಲ್ಲಿ ಅಡ್ಡಾಡುವ ಒಡೆಯನು, ಕಣ್ಣಿಗೆ ಬಿದ್ದುದೆಲ್ಲ ತನ್ನದೆಂಬ ತೃಪ್ತಿಯನ್ನು ಹೆಜ್ಜೆಹೆಜ್ಜೆಗೂ ಪಡೆಯುತ್ತಾನೆ.

ಸದ್ಗುಣದ ಗುಡಿಯ ಬಾಗಿಲಲ್ಲಿ ನಿಂತು ಕೆಳಗೆ ನೋಡಿದರೆ, ಕಿರುತೊರೆಯೊಂದರ ಆಚೆಯ ದಡದಲ್ಲಿ ಬ್ರಿಟನ್ನಿನ ಮಹನೀಯರ ಗುಡಿ ಕಾಣುತ್ತದೆ. ಅದರಲ್ಲಿ 16 ಮಂದಿಯ ಎದೆಮಟ್ಟದ ವಿಗ್ರಹಗಳು: ಷೇಕ್ಸ್‌ಪಿಯರ್, ಮಿಲ್ಟನ್, ನ್ಯೂಟನ್, ಲಾಕ್, ಬೇಕನ್ ಮೊದಲಾದ ವಿಚಾರವಂತರು ಒಂದು ಕಡೆ, ಆಲ್ಫ್ರೆಡ್ ದೊರೆ, ಎಲಿಜಬೆತ್ ರಾಣಿ, ಡ್ರೇಕ್, ರ‍್ಯಾಲಿ, ಹ್ಯಾಂಪ್ಡನ್ ಮೊದಲಾದ ಕಾರ್ಯವಂತರು ಇನ್ನೊಂದು ಕಡೆ. ಧರ್ಮಾಚಾರ್ಯನೊಬ್ಬನೂ ಇಲ್ಲ. ಇದು ಆಕಸ್ಮಿಕವೆನ್ನುವುದಕ್ಕೆ ಎಡೆಯಿಲ್ಲದಂತೆ ಅಲ್ಲೊಂದು ಸಾಕ್ಷ್ಯವಿದೆ. ಎಲಿಸಿಯಮ್ಮಿನಲ್ಲಿ ಯಾರು ಯಾರಿಗೆ ಸ್ಥಾನವೆಂಬುದನ್ನು ರೋಮನ್ ಕವಿ ವರ್ಜಿಲನು ತನ್ನ ಈನಿಯಡ್ ಮಹಾಕಾವ್ಯದ ಆರನೆಯ ಸರ್ಗದಲ್ಲಿ ಎಣಿಸಿಹೇಳಿದ್ದಾನೆ. ದೇಶಕ್ಕಾಗಿ ಗಾಯಗೊಂಡವರು, ಕವಿಗಳು, ಹೊಸ ವಿದ್ಯೆಗಳನ್ನು ಕಂಡುಹಿಡಿದವರು, ಪರೋಪಕಾರಿಗಳು, ಇವರ ನಡುವೆ ಶುದ್ಧಚರಿತರಾದ ಪುರೋಹಿತರಿಗೂ ಒಂದು ಪಂಕ್ತಿಯನ್ನು ಮೀಸಲಿಟ್ಟಿದ್ದಾನೆ. ಆ ಭಾಗವನ್ನು ಈ ಗುಡಿಯ ಮೇಲೆ ಕೆತ್ತಿಸುವಾಗ ಪುರೋಹಿತರ ಪಂಕ್ತಿಯೊಂದನ್ನು ಮಾತ್ರ ಬಿಟ್ಟುಬಿಡಲಾಗಿದೆ. ದೇವರು ಜಗತ್ತನ್ನು ಸೃಷ್ಟಿಸಿ ನಿಯಮಗಳಿಗೆ ಒಪ್ಪಿಸಿ ಬಿಟ್ಟಿದ್ದಾನೆ, ಮನುಷ್ಯನಿಗೂ ಅವನಿಗೂ ನಡುವೆ ಪೂಜಾರಿಯ ದಲ್ಲಾಳಿತನ ಬೇಕಿಲ್ಲ, ಸದಾಚಾರವೇ ಸಾಕಾದ ಧರ್ಮ, ಎಂದು ನಂಬಿದವರು ಆ ಕಾಲದ ಇಂಗ್ಲೆಂಡಿನ ಮೇಲುವರ್ಗದಲ್ಲಿ ವಿರಳವಾಗಿರಲಿಲ್ಲ. ಹಿಂದಿನ ಶತಮಾನದಲ್ಲಿ ಮತಪಂಥಗಳ ಹೆಸರಿನಲ್ಲಿ ನೆತ್ತರನ್ನು ಹರಿಸಿದ ದೇಶಕ್ಕೆ ಅಂಥದೊಂದು ನಂಬಿಕೆ ವಿಶ್ರಾಂತಿಯಂತೆ ತೋರಿದ್ದರೆ ಆಶ್ಚರ್ಯವಿಲ್ಲ. ನಾನಂತೂ ಅದನ್ನು ಹಗುರವಾಗಿ ಕಾಣಲಾರೆ. (ಪುರೋಹಿತರಿಗೆ ಎಡೆಗೊಡದ ಆ ಗುಡಿಯ ಹಿಂಬದಿಯಲ್ಲಿ ಸಿನ್ಯೋರ್ ಫಿಡೋ ಎಂಬೊಬ್ಬ ಸಜ್ಜನನ ಗುಣಗಳನ್ನು ಬಣ್ಣಿಸುವ ಶಾಸನವಿದೆ, ಓದುತ್ತ ಹೋದರೆ ಕೊನೆಯಲ್ಲಿ ಅವನು ಕಾಬಮನ ನಾಯಿಯೆಂದು ತಿಳಿಯುತ್ತದೆ. ಹಾಸ್ಯವೇ ನಿಜ, ಆದರೂ ಯಾರಿಗೆ ಎಡೆ, ಯಾರಿಗಿಲ್ಲ ಎಂಬುದನ್ನು ಗಮನಿಸಬೇಕು.)

ಮೆಥಡಿಸ್ಟ್ ಪಂಥದ ಪ್ರವರ್ತಕನಾದ ಜಾನ್ ವೆಸ್ಲಿ 1779ರಲ್ಲಿ ಈ ತೋಟವನ್ನು ನೋಡಲು ಬಂದನು. ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಹಳೆಯ ಕನ್ನಡ ಪುಸ್ತಕಗಳನ್ನು ತಿರುವಿಹಾಕಿರುವವರಿಗೆ ಆ ಹೆಸರು ಅಪರಿಚಿತವಲ್ಲ. ಕುದುರೆಯ ಮೇಲೆ ದೇಶವನ್ನೆಲ್ಲ ಸುತ್ತಿ, ಗಣಿಯ ಕೂಲಿಗಳಿಗೂ ನೇಯ್ಗೆಯವರಿಗೂ ಬಯಲಿನಲ್ಲಿ ನಿಂತು ಬೋಧನೆ ಮಾಡಿದ ಆ ಮುದುಕನಿಗೆ ಸ್ಟೋವು ಸ್ವಲ್ಪವೂ ಹಿಡಿಸಲಿಲ್ಲ. ಮೂರು ವರ್ಷಗಳ ಹಿಂದೆ ಸ್ಟೌರ್‌ಹೆಡ್ ಎಂಬ ಇನ್ನೊಂದು ತೋಟದಲ್ಲಿ ಅನ್ಯದೇವತೆಗಳ ಪ್ರತಿಮೆಗಳನ್ನೂ ಗುಡಿಗಳನ್ನೂ ಕಂಡು ಅವನು ರೇಗಿದ್ದನು. ಇಲ್ಲಿ ಗ್ರೀಕ್ ಲ್ಯಾಟಿನ್ ಹೆಸರುಗಳನ್ನಿಟ್ಟು ಆಡುವುದು ಹುಡುಗಾಟವೆಂದೂ, ನರಕದ ನದಿಯಾದ ಸ್ಟಿಕ್ಸಿನ ಹೆಸರನ್ನು ಒಂದು ನೀರಿಗೆ ಇಟ್ಟು ಅದರ ದಂಡೆಯ ಗುಹೆಯಲ್ಲಿ ಔತಣ ಮಾಡುವುದು ನರಕದ ಅಂಚಿನಲ್ಲಿ ಕುಳಿತಂತೆಯೇ ಎಂದೂ ಬರೆದುಕೊಂಡನು. ವೆಸ್ಲಿಯ ಆಕ್ಷೇಪಣೆಯಲ್ಲಿ ಮತಾಭಿನಿವೇಶ ಬೆರೆತಿದೆ. ಅನ್ಯದೇವತೆಗಳನ್ನು ಪಿಶಾಚಗಳೆಂದು ಕರೆಯುವ ಅವನ ನಿಲುವನ್ನು ನಾನು ಒಪ್ಪುವುದು ಅಸಾಧ್ಯ. ಆದರೆ ಅವನೊಬ್ಬನೇ ಆ ಹೆಸರುಗಳನ್ನು ನಿಜವೆಂದು ಎಣಿಸಿ ಓದಿದನೆಂಬುದನ್ನು ಮರೆಯಲಾಗದು. ಉಳಿದವರಿಗೆ ಸ್ಟಿಕ್ಸ್ ಎಂಬುದು ಅಲಂಕಾರ; ಅವನಿಗೆ ಅದು ಮರಣ.

ಇನ್ನು ಈ ತೋಟದ ನಿಜವಾದ ದೇವಾಲಯದ ವಿಚಾರ. ಸದ್ಗುಣದ ಗುಡಿಗೆ ಕೂಗಳತೆಯಲ್ಲಿ, ಮರಗಳ ದಟ್ಟಣೆಯಲ್ಲಿ, ಸೇಂಟ್ ಮೇರಿಯ ಹೆಸರಿನ ಹಳೆಯ ಕಾಲದ ಕಲ್ಲಿನ ಚರ್ಚು ಇದೆ. ಅದು ಊರಿನ ಚರ್ಚು. ಆದರೆ ಊರು ಇಲ್ಲ. ಅದರ ಸುತ್ತ ಇದ್ದ ಸ್ಟೋ ಗ್ರಾಮವು ಪ್ರಭುಗಳ ತೋಟ ಹರಡಿದಂತೆಲ್ಲ ಕರಗಿ, ಅದರ ಜನ ಹತ್ತಿರದ ಡ್ಯಾಡ್‌ಫರ್ಡ್ ಎಂಬ ಹಳ್ಳಿಗೆ ಹೋಗಿ ನೆಲಸಬೇಕಾಯಿತು. ಮನೆಗಳನ್ನು ತೆಗೆಸಬಹುದಾಗಿತ್ತು, ಪ್ರತಿಷ್ಠಿತವಾದ ದೇವಾಲಯವನ್ನೂ ಅದರ ಅಂಗಳದಲ್ಲಿ ಮಲಗಿದ್ದ ಹಿರಿಯರ ಸಮಾಧಿಗಳನ್ನೂ ತೆಗೆಸುವುದು ಅಷ್ಟು ಸುಲಭವಾಗಿರಲಿಲ್ಲ. ಆದಕಾರಣ ಅದನ್ನು ಮರಗಳ ಹಿಂದೆ ಮರೆಮಾಡಲಾಯಿತು. ಎಲಿಸಿಯಮ್ಮಿನಲ್ಲಿ ಸುತ್ತುವವನ ಕಣ್ಣಿಗೆ ಅದು ಬೀಳಬಾರದು. ಬಿದ್ದರೆ ಚಿತ್ರ ಕೆಡುತ್ತದೆ. ಪೂಜೆಯಿಲ್ಲದ ಗುಡಿಗಳೆಲ್ಲ ದಿಣ್ಣೆಗಳ ಮೇಲೆ ಬೆಳಕಿನಲ್ಲಿ ನಿಂತಿರಲು, ಪೂಜೆಯುಳ್ಳ ಒಂದೇ ಗುಡಿ ಪೊದೆಗಳ ನೆಳಲಲ್ಲಿ ಅಡಗಿರಬೇಕಾಯಿತು. ಅಲ್ಲಿ ಇಂದಿಗೂ ಆರಾಧನೆ ನಡೆಯುತ್ತದೆ.

ಮರೆಮಾಡುವ ಈ ಕಲೆಯ ಪರಮಾವಧಿಯನ್ನು ಕಾಣಬೇಕಾದರೆ ತೋಟದ ಅಂಚಿಗೆ ಹೋಗಬೇಕು. ಸುತ್ತಲೂ ಗೋಡೆಯಾಗಲಿ ಬೇಲಿಯಾಗಲಿ ಕಾಣದು. ಹುಲ್ಲುಹಾಸು ಹರಿದು ಹೋಗಿ ಆಚೆಯ ಹುಲ್ಲುಗಾವಲಿನಲ್ಲಿ ಬೆರೆತಂತೆ, ಅಲ್ಲಿ ಮೇಯುವ ದನ ಕುರಿಗಳು ತೋಟದೊಳಗೇ ಮೇಯುತ್ತಿರುವಂತೆ ತೋರುತ್ತದೆ. ಹತ್ತಿರ ಹೋದರೆ ಮಾತ್ರ ಗುಟ್ಟು ತಿಳಿಯುವುದು. ಅಂಚಿನಲ್ಲಿ ಆಳವಾದ ಕಂದಕವನ್ನು ತೋಡಿ, ತೋಟದ ಕಡೆಗೆ ನೆಟ್ಟಗೆ ಕಲ್ಲಿನ ಗೋಡೆಯನ್ನು ಕಟ್ಟಿ, ಹೊರಗಿನ ಕಡೆಗೆ ನೆಲವನ್ನು ಇಳಿಜಾರಾಗಿಸಿದ್ದಾರೆ. ಗೋಡೆಯ ತಲೆ ಹುಲ್ಲಿನ ಮಟ್ಟದಲ್ಲಿಯೇ ನಿಂತುಬಿಡುತ್ತದೆ. ಇದಕ್ಕೆ ಇಂಗ್ಲಿಷರು ಹಾ-ಹಾ ಎಂಬ ಹೆಸರನ್ನಿಟ್ಟಿದ್ದಾರೆ. ಬ್ರಿಜ್‌ಮನ್ನನು ಇದನ್ನು ಸ್ಟೋವಿನಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿದ ಮೇಲೆ ಆ ದೇಶದ ತೋಟಗಳ ಸ್ವರೂಪವೇ ಬದಲಾಯಿತು. ಯುಕ್ತಿ ಶ್ಲಾಘ್ಯವಾದದ್ದು, ಆದರೆ ಅದರ ತತ್ತ್ವವನ್ನು ಚಿಂತಿಸಿದಷ್ಟೂ ಮನಸ್ಸು ಭಾರವಾಗುತ್ತದೆ. ಒಳಗೆ ನಿಂತ ಒಡೆಯನಿಗೆ ಮೇರೆಯೆಂಬುದು ಇಲ್ಲವೇ ಇಲ್ಲ. ಜಗತ್ತೆಲ್ಲ ಒಂದೇ ಹಸುರು, ತಾನು ಯಾರನ್ನೂ ಹೊರಗಿಟ್ಟಿಲ್ಲ. ಅದೇ ಮೇರೆ ಹೊರಗೆ ನಿಂತ ದನಗಾಹಿಗೆ ಆಳೆತ್ತರದ ಗೋಡೆ. ಸದ್ಗುಣವನ್ನು ಕುರಿತು ಚಿಂತಿಸುವವನಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ. ಅನ್ಯಾಯವನ್ನು ಬೇಕೆಂದು ಮಾಡುವವನಿಗೆ ಒಂದು ದಿನ ಅದು ಚುಚ್ಚಲೂಬಹುದು. ಆದರೆ ಅನ್ಯಾಯದ ಗೆರೆ ತನ್ನ ಕಣ್ಣಿಗೇ ಕಾಣದಂತೆ ನೆಲವನ್ನು ಅಗೆಸಿಕೊಂಡವನನ್ನು ಸಾಕ್ರಟೀಸನ ಪ್ರತಿಮೆಯೂ ಎಚ್ಚರಿಸಲಾರದು, ಲೈಕರ್ಗಸನ ಪ್ರತಿಮೆಯೂ ಎಚ್ಚರಿಸಲಾರದು.

ಸ್ನೇಹದ ಗುಡಿಯ ಕಥೆಯನ್ನು ಬೇಗ ಮುಗಿಸಬಹುದು. ವಾಲ್‌ಪೋಲನ ವಿರೋಧಿಗಳಾದ ತನ್ನ ಮಿತ್ರರ ವಿಗ್ರಹಗಳನ್ನು ಕಾಬಮನು ಅದರಲ್ಲಿ ಇರಿಸಿದನು. ಕೆಲಕಾಲದಲ್ಲಿ ಆ ಮಿತ್ರರಲ್ಲಿ ಅನೇಕರು ಒಬ್ಬರನ್ನೊಬ್ಬರು ಬಿಟ್ಟು ಹೋದರು. ಪ್ರಧಾನಿಯ ಮಗನೇ ಆದ ಹೊರೇಸ್ ವಾಲ್‌ಪೋಲ್ 1770ರಲ್ಲಿ ಅಲ್ಲಿಗೆ ಬಂದು, ಅದು ಜಗಳಗಳ ಸ್ಮಾರಕದಂತಿದೆಯೆಂದು ಪತ್ರವೊಂದರಲ್ಲಿ ನಗೆಯಾಡಿದನು. 19ನೆಯ ಶತಮಾನದಲ್ಲಿ ಬೆಂಕಿಗೆ ತುತ್ತಾದ ಆ ಗುಡಿ ಈಗ ಮಾಡಿಲ್ಲದ ಮೊಂಡುಗೋಡೆ. ಸಮಕಾಲೀನ ಸದ್ಗುಣದ ಗುಡಿ ಎಂಬ ಇನ್ನೊಂದನ್ನಂತೂ ಪಾಳುಬಿದ್ದಂತೆಯೇ ಕಟ್ಟಿಸಿ, ಅದರಲ್ಲಿ ತಲೆಯಿಲ್ಲದ ಪ್ರತಿಮೆಯೊಂದನ್ನು ನಿಲ್ಲಿಸಿದ್ದರು. ಅದು ವಾಲ್‌ಪೋಲನದೇ ಎಂದು ನೋಡಿದವರೆಲ್ಲ ಅರ್ಥಮಾಡಿಕೊಂಡರು.

ಇಲ್ಲಿ ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ. ದೇವರ ಹೆಸರಿಲ್ಲದೆಯೂ ಸದ್ಗುಣವನ್ನು ಗೌರವಿಸಬಹುದು, ಗೌರವಿಸಿ ಅದರಂತೆ ಬಾಳಿದವರೂ ಉಂಟು. ಅದನ್ನು ನಾಸ್ತಿಕತೆಯೆಂದು ಹಳಿಯುವುದಕ್ಕೆ ಕಾರಣವಿಲ್ಲ. ಕಾಬಮನ ಗುಡಿಯಲ್ಲಿ ಕೆಟ್ಟದ್ದು ಬೇರೆ. ದೇವತೆಯ ಎದುರಿನಲ್ಲಿ ನಿಂತವನು ತನ್ನ ಲೆಕ್ಕವನ್ನು ತಾನು ಒಪ್ಪಿಸಬೇಕು. ಸದ್ಗುಣದ ಎದುರಿನಲ್ಲಿ ನಿಂತ ಈ ಪ್ರಭು ಇತರರ ಲೆಕ್ಕವನ್ನು ಕೇಳಿದನು. ಸದ್ಗುಣವು ಅವನಿಗೆ ಶತ್ರುವಿನ ಕಡೆಗೆ ತಿರುಗಿಸಿ ಹಿಡಿದ ಕನ್ನಡಿಯಾಗಿತ್ತು. ಪೂಜೆ ನಡೆಯುವ ಗುಡಿಗಳು ಈ ದೋಷಕ್ಕೆ ಹೊರತೆಂದು ನಾವು ಬೀಗಬೇಕಾಗಿಯೂ ಇಲ್ಲ. ಹಳೇಬೀಡಿನ ಹೊಯ್ಸಳೇಶ್ವರನೂ, ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರನೂ, ಕಟ್ಟಿಸಿದವರ ಹೆಸರನ್ನೇ ಹೊತ್ತವರಲ್ಲವೆ? ವೈಭವದ ಆಸೆ ಅಲ್ಲಿಯೂ ಇತ್ತು. ಆದರೆ ನಮ್ಮ ಶಿಲಾಶಾಸನಗಳನ್ನು ಓದಿನೋಡಿದರೆ, ಅವು ದಾನಿಯ ಹೊಗಳಿಕೆಯಲ್ಲಿ ಮುಗಿಯುವುದಿಲ್ಲ: ನಂದಾದೀಪಕ್ಕೆ ಇಷ್ಟು ಎಣ್ಣೆ, ನೈವೇದ್ಯಕ್ಕೆ ಇಷ್ಟು ಅಕ್ಕಿ, ಜೀರ್ಣೋದ್ಧಾರಕ್ಕೆ ಇಂಥ ಗದ್ದೆಯ ಹುಟ್ಟುವಳಿ, ಇದನ್ನು ತಪ್ಪಿಸಿದವನಿಗೆ ಇಂಥ ಪಾಪ. ರಾಜನಿಗೂ ಅವನ ಮಕ್ಕಳಿಗೂ ಅದು ಕಟ್ಟು. ಆ ಕಟ್ಟನ್ನು ಎಷ್ಟು ಮಂದಿ ಪಾಲಿಸಿದರೆಂಬುದು ಬೇರೆ ಮಾತು, ಇದ್ದದ್ದಂತೂ ನಿಜ. ಸ್ಟೋವಿನ ಸದ್ಗುಣವು ಯಾರಿಂದಲೂ ಏನನ್ನೂ ಕೇಳಲಿಲ್ಲ. ಏನನ್ನೂ ಕೇಳದ ದೇವತೆ ಕಣ್ಣಿಗೆ ಎಷ್ಟು ಸೊಗಸಾಗಿದ್ದರೂ ಬಾಳಿಗೆ ಒದಗಲಾರದು.

ತೋಟವನ್ನು ನಿತ್ಯವೂ ಕತ್ತರಿಸಿ, ಗುಡಿಸಿ, ಕಾಪಾಡುವ ತೋಟಗಾರರ ದುಡಿಮೆಯೇ ಅಲ್ಲಿನ ನಿಜವಾದ ಪೂಜೆಯಲ್ಲವೆ ಎಂದು ಸ್ನೇಹಿತರು ಕೇಳಿದರು. ಕೇಳುವುದಕ್ಕೆ ಹಿತವಾದ ಮಾತು. ಆದರೆ ಕೂಲಿಗಾಗಿಯೋ ಒಲವಿಗಾಗಿಯೋ ದುಡಿಯುವವನ ಬೆವರನ್ನು ನಮ್ಮ ತತ್ತ್ವದ ಅಲಂಕಾರಕ್ಕೆ ಬಳಸಿಕೊಳ್ಳುವ ಹಕ್ಕು ನಮಗಿಲ್ಲವೆಂದು ನನಗೆ ತೋರುತ್ತದೆ. ಅವರು ಹುಲ್ಲನ್ನು ಕತ್ತರಿಸುತ್ತಾರೆ, ಚೆನ್ನಾಗಿ ಕತ್ತರಿಸುತ್ತಾರೆ, ಅಷ್ಟು ಸಾಕು.

ಕಾಬಮನ ತರುವಾಯ ತೋಟ ಅವನ ಸೋದರಳಿಯ ಟೆಂಪಲ್ ಪ್ರಭುವಿಗೆ ಬಂದಿತು. ಏಳು ವರ್ಷಗಳ ಯುದ್ಧವು 1763ರಲ್ಲಿ ಮುಗಿದಾಗ ಆತನು ಗ್ರೀಕ್ ಮಾದರಿಯ ದೊಡ್ಡ ಗುಡಿಯೊಂದಕ್ಕೆ ಸಾಮರಸ್ಯ ಮತ್ತು ವಿಜಯಗಳ ಗುಡಿಯೆಂದು ಹೆಸರಿಟ್ಟು, ಒಳಗೋಡೆಗಳಲ್ಲಿ ಇಂಗ್ಲಿಷರ ಗೆಲವುಗಳನ್ನು ಸಾರುವ ಪದಕಗಳನ್ನು ಹಾಕಿಸಿದನು. ಕ್ವಿಬೆಕ್, ಮಾಂಟ್ರಿಯಲ್, ಹವಾನಾಗಳ ಸಾಲಿನಲ್ಲಿ ನಮ್ಮ ಪಾಂಡಿಚೇರಿಯೂ ಅಲ್ಲಿದೆ. 1761ರ ಜನವರಿಯಲ್ಲಿ ಇಂಗ್ಲಿಷರ ಕೈಸೇರಿದ ಆ ಪಟ್ಟಣಕ್ಕೆ, ಅದರ ಹಿಂದಿನ ವರ್ಷ ಫ್ರೆಂಚರ ನೆರವಿಗಾಗಿ ಮೈಸೂರಿನಿಂದ ಹೈದರನು ಸೈನ್ಯವನ್ನು ಕಳುಹಿಸಿದ್ದನು. ಸಾವಿರಾರು ಮೈಲಿಗಳಾಚೆ, ಕುರಿ ಮೇಯುವ ಕಣಿವೆಯ ತಲೆಯಲ್ಲಿ, ಆ ಹೆಸರನ್ನು ಕಂಡಾಗ ಸಾಮರಸ್ಯವು ಯಾರ ಸಾಮರಸ್ಯ, ವಿಜಯವು ಯಾರ ಮೇಲಿನ ವಿಜಯ, ಎಂಬ ಪ್ರಶ್ನೆ ನನಗೆ ಬಂದಿತು. ಹಾ-ಹಾದ ಗೋಡೆ ಎಷ್ಟು ದೂರದವರೆಗೆ ಹಬ್ಬಿತ್ತೆಂಬುದೂ ಆಗ ಅರ್ಥವಾಯಿತು.

ಅನಂತರದ್ದು ಇಳಿವಿನ ಇತಿಹಾಸ. ವಂಶದವರು ಬಕಿಂಗ್‌ಹಮ್ಮಿನ ಡ್ಯೂಕರಾಗಿ ಬೆಳೆದು, ಎರಡನೆಯ ಡ್ಯೂಕನ ಕಾಲಕ್ಕೆ ಹತ್ತು ಲಕ್ಷ ಪೌಂಡುಗಳಿಗೂ ಮೀರಿದ ಸಾಲದಲ್ಲಿ ಮುಳುಗಿದರು; 1848ರಲ್ಲಿ ಮನೆಯ ಸಾಮಾನು 40 ದಿನಗಳ ಕಾಲ ಹರಾಜಾಯಿತು. 1921ರಲ್ಲಿ ಜಹಗೀರೇ ಮಾರಾಟವಾಗಿ, ಪ್ರಾಚೀನ ಸದ್ಗುಣದ ಗುಡಿಯ ನಾಲ್ವರು ಮಹಾಪುರುಷರೂ ಬೆಲೆಗೆ ಹೋದರು. ಈಗ ಅಲ್ಲಿ ನಿಂತಿರುವುದು ಅವರ ನಕಲುಗಳು. ಹಾಸನದ ಆ ತಾಯಿ ಕೈಮುಗಿದ ಹೋಮರನೂ ನಕಲೇ. 1923ರಲ್ಲಿ ಅರಮನೆಯಂಥ ಆ ಮನೆಯಲ್ಲಿ ಒಂದು ಶಾಲೆ ತೆರೆಯಿತು. ತೋಟವು 1989ರಲ್ಲಿ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದು, ಟಿಕೆಟ್ಟು ಕೊಂಡ ಯಾರಿಗಾದರೂ ತೆರೆದುಕೊಂಡಿತು.

ಶಾಲೆಯವರಿಗೆ ತಮ್ಮ ಮಕ್ಕಳ ಪ್ರಾರ್ಥನೆಗೆ ಒಂದು ಸ್ಥಳ ಬೇಕಾಗಿತ್ತು. 1920ರ ದಶಕದಲ್ಲಿ ಬ್ಯಾಕಸ್ಸಿನ ಗುಡಿಯನ್ನು ಕೆಡವಿ, ಆ ನೆಲದ ಮೇಲೆ ಸರ್ ರಾಬರ್ಟ್ ಲೋರಿಮರ್ ಎಂಬ ವಾಸ್ತುಶಿಲ್ಪಿಯಿಂದ ಪ್ರಾರ್ಥನಾಮಂದಿರವೊಂದನ್ನು ಕಟ್ಟಿಸಿದರು. ಕಂಬಗಳು ಬೇಕಾದಾಗ ಸಾಮರಸ್ಯ ಮತ್ತು ವಿಜಯಗಳ ಗುಡಿಯ ಪಕ್ಕದ ಸಾಲುಗಳಿಂದ ಕಿತ್ತು ತಂದು ನಿಲ್ಲಿಸಿದರು. ಕಲೆಯನ್ನು ಬಲ್ಲವರು ಇದನ್ನು ಅಪಚಾರವೆಂದು ಖಂಡಿಸುತ್ತಾರೆ. ನನಗೆ ಹಾಗೆನ್ನಲು ಮನಸ್ಸು ಬಾರದು. 1990ರ ದಶಕದಲ್ಲಿ ಟ್ರಸ್ಟಿನವರು ಗುಡಿಗೆ ಹೊಸ ಕಂಬಗಳನ್ನು ಕಡೆಸಿ ಹಾಕಿದರು; ಹಳೆಯ ಕಂಬಗಳು ಪ್ರಾರ್ಥನಾಮಂದಿರದಲ್ಲಿಯೇ ಉಳಿದಿವೆ.